ಗಾಲಿಯ ಮೇಲಿನ ಮನೆಗೆ ಇಂಟರ್ನೆಟ್

ಕ್ಯಾಂಪರ್ ವ್ಯಾನಿನಲ್ಲಿ ವಾಸ ಮಾಡುತ್ತ ಕೆಲಸವನ್ನೂ ಮಾಡುತ್ತೇವೆ ಎಂದರೆ ಜನ ಮೊದಲು ಸ್ನಾನದ ಬಗ್ಗೆ ಕೇಳುತ್ತಾರೆ, ಆಮೇಲೆ ಇಂಟರ್ನೆಟ್ ಬಗ್ಗೆ. "ಸ್ಪೀಡ್ ಎಷ್ಟು ಬರುತ್ತೆ?" ಇದು ಎಲ್ಲರ ಪ್ರಶ್ನೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಬೇಸಿಗೆ, ಆಷಾಢದ ಗಾಳಿ, ಹಿಂಗಾರು ಮಳೆ ಎಲ್ಲವನ್ನೂ ವ್ಯಾನಿನೊಳಗೇ ಕಳೆದ ಮೇಲೆ ಆ ಪ್ರಶ್ನೆಗೆ ನನ್ನ ಮನಸ್ಸಿನಲ್ಲಿ ಬೆಲೆ ಕಡಿಮೆಯಾಗಿದೆ. ಸಂಜೆ ಏಳು ಗಂಟೆಗೆ ಪಾಠ ಎಂದರೆ ಏಳಕ್ಕೆ ಶುರುವಾಗಿ ಎಂಟರವರೆಗೆ ಕಡಿಯದೆ ನಡೆಯುತ್ತದೆಯೇ ಎಂಬುದಷ್ಟೇ ನನಗೀಗ ಮುಖ್ಯ. ವೇಗಕ್ಕೆ ದುಡ್ಡು ಕೊಟ್ಟರೆ ಸಾಕು. ಭರವಸೆಗೆ ಮಾತ್ರ ಜಾಗ, ಕರೆಂಟು, ಗಾಳಿ, ಮರ, ಊರಿನ ದಿನಚರಿ ಎಲ್ಲವನ್ನೂ ತಿಳಿದುಕೊಳ್ಳಬೇಕಾಗುತ್ತದೆ.

ನನ್ನ ಹೆಂಡತಿ ಹೊರದೇಶಗಳಲ್ಲಿರುವ ಕನ್ನಡ ಮನೆಗಳ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ ಕಲಿಸುತ್ತಾಳೆ. ಅಮೆರಿಕದ ಮಕ್ಕಳಿಗೆ ನಮ್ಮ ಬೆಳಗಿನ ಹೊತ್ತು, ಯುರೋಪಿನವರಿಗೆ ಸಂಜೆ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ದೂರದಿಂದಲೇ ಕೆಲಸ ಮಾಡುತ್ತೇನೆ; ಉಳಿದ ಹೊತ್ತಿನಲ್ಲಿ ಈ ಸೀಮೆಯ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಆಡುವ ಕನ್ನಡವನ್ನು ಧ್ವನಿಮುದ್ರಿಸುತ್ತೇನೆ. ತಲೆಮಾರುಗಳಿಂದ ತಮಿಳಿನ ನಡುವೆ ಬದುಕಿ, ಶಾಲೆಯಲ್ಲಿ ತಮಿಳನ್ನೇ ಓದಿ, ಮನೆಯಲ್ಲಿ ಮಾತ್ರ ಉಳಿಸಿಕೊಂಡ ಕನ್ನಡ ಅದು. ಸಿರುಮುಗೈಯಲ್ಲಿ ಮಗ್ಗದ ಮುಂದೆ ಕೂತ ಅಜ್ಜಿಯೊಬ್ಬರು ಒಂದು ಗಂಟೆ ಮಾತಾಡಿದರೆ, ಆ ಧ್ವನಿ ಅದೇ ರಾತ್ರಿ ಎರಡು ಬೇರೆ ಬೇರೆ ಕಡೆ ನಕಲಾಗಿ ಕೂರಬೇಕು ಎಂಬುದು ನನ್ನ ಹಟ. ಮೆಮೊರಿ ಕಾರ್ಡ್ ಕೆಟ್ಟಿತು ಎಂದು ಹೇಳಿ ಎಂಬತ್ತು ದಾಟಿದವರನ್ನು ಮತ್ತೆ ಅದೇ ಕಥೆ ಹೇಳಿ ಎಂದು ಕೇಳಲಾಗುವುದಿಲ್ಲ. ಹೀಗಾಗಿ ನಮ್ಮಿಬ್ಬರಿಗೂ ಇಂಟರ್ನೆಟ್ ಮನರಂಜನೆಯ ಸಾಧನ ಅಲ್ಲ.

ವ್ಯಾನು ಹೈ ರೂಫ್ ಇರುವ ಫೋರ್ಸ್ ಟ್ರಾವೆಲರ್. ಚಾಮರಾಜನಗರ ದಾಟಿ, ಹಾಸನೂರು ಹಾದು, ಡಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು ಬಣ್ಣಾರಿಗೆ ಬಂದರೆ ಕೊಂಗುನಾಡಿನ ಬಯಲು ತೆರೆದುಕೊಳ್ಳುತ್ತದೆ. ಪಶ್ಚಿಮಕ್ಕೆ ನೀಲಗಿರಿ, ದಕ್ಷಿಣಕ್ಕೆ ಆನೈಮಲೆ, ನಡುವೆ ಪಾಲಕ್ಕಾಡ್ ಕಣಿವೆ ಎಂದು ಕರೆಯುವ ಮೂವತ್ತು ನಲವತ್ತು ಕಿಲೋಮೀಟರ್ ಅಗಲದ ಬಾಗಿಲು. ನಮ್ಮ ಇಂಟರ್ನೆಟ್‌ನ ಹಣೆಬರಹವನ್ನು ಬಹುಮಟ್ಟಿಗೆ ಈ ಭೂಗೋಳವೇ ಬರೆಯಿತು.

ಮೊದಲು ತಿಳಿದುಕೊಳ್ಳಬೇಕಾದದ್ದು, ವ್ಯಾನು ತಗಡಿನ ಪೆಟ್ಟಿಗೆ ಎಂಬುದು. ರೇಡಿಯೊ ಅಲೆ ಲೋಹವನ್ನು ದಾಟುವುದಿಲ್ಲ. ಒಳಗೆ ಬರುವುದೆಲ್ಲ ಕಿಟಕಿ, ಬಾಗಿಲ ಸಂದುಗಳಿಂದ ನುಸುಳಿದ್ದು. ಫೋನಿನ ಮೇಲೆ ಕಾಣುವ ಕಡ್ಡಿಗಳನ್ನು ನಂಬುವುದನ್ನು ಬಿಟ್ಟು, ರೂಟರಿನ ಪುಟದಲ್ಲೋ ಫೋನಿನ ಆ್ಯಪ್‌ನಲ್ಲೋ ಕಾಣುವ ಆರ್‌ಎಸ್‌ಆರ್‌ಪಿ ಎಂಬ ಅಂಕಿ ನೋಡುವುದನ್ನು ಕಲಿಯಬೇಕು. ಅದು ಡಿಬಿಎಂ ಲೆಕ್ಕದಲ್ಲಿರುತ್ತದೆ, ಯಾವಾಗಲೂ ಋಣಸಂಖ್ಯೆ. ಮೈನಸ್ 80 ಎಂದರೆ ಬಹಳ ಒಳ್ಳೆಯದು, ಮೈನಸ್ 100 ಪರವಾಗಿಲ್ಲ, ಮೈನಸ್ 115 ದಾಟಿದರೆ ವಿಡಿಯೊ ಕರೆಯ ಆಸೆ ಬಿಡಬೇಕು. ಪ್ರತಿ ಮೂರು ಡಿಬಿಗೆ ಶಕ್ತಿ ಅರ್ಧವಾಗುತ್ತದೆ. ಉಡುಮಲಪೇಟೆಯ ಹೊರವಲಯದ ಒಂದು ತೋಟದಲ್ಲಿ ನಿಂತಾಗ ವ್ಯಾನಿನ ಹೊರಗೆ ಮೈನಸ್ 98 ಇದ್ದದ್ದು ಒಳಗೆ ಬಂದರೆ ಮೈನಸ್ 110. ಹನ್ನೆರಡು ಡಿಬಿ ವ್ಯತ್ಯಾಸ, ಅಂದರೆ ಹೊರಗಿದ್ದ ಶಕ್ತಿಯ ಹದಿನಾರರಲ್ಲಿ ಒಂದು ಪಾಲು. ಬಾಗಿಲ ಆಚೆ ಇರುವುದನ್ನು ಒಳಗೆ ಕೂತು ಹುಡುಕುವುದರಲ್ಲಿ ಅರ್ಥವಿಲ್ಲ. ಆ್ಯಂಟೆನಾ ಚಾವಣಿಯ ಮೇಲೆ ಹೋಗಲೇಬೇಕು.

ಚಾವಣಿಗೆ ಹಾಕುವ ಆ್ಯಂಟೆನಾ ಚಪ್ಪಟೆ ಡಬ್ಬಿಯಂತೆ ಇರುತ್ತದೆ. ಒಳಗೆ ಮೊಬೈಲ್ ನೆಟ್‌ವರ್ಕಿಗೆ ಎರಡು ಅಥವಾ ನಾಲ್ಕು ತಂತುಗಳು, ವೈಫೈಗೆ ಎರಡು, ಜಿಪಿಎಸ್‌ಗೆ ಒಂದು. 4ಜಿ, 5ಜಿ ಎರಡೂ ಒಂದೇ ಹೊತ್ತಿಗೆ ಹಲವು ಧಾರೆಗಳಲ್ಲಿ ದತ್ತಾಂಶ ಕಳಿಸುವುದರಿಂದ ಒಂದೇ ತಂತಿಯ ಆ್ಯಂಟೆನಾ ತಂದರೆ ಅರ್ಧ ಪ್ರಯೋಜನ ಅಲ್ಲೇ ಹೋಗುತ್ತದೆ. ಇನ್ನೊಂದು ವಿಷಯವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ: ತಂತಿಯೇ ಸಿಗ್ನಲ್ ತಿನ್ನುತ್ತದೆ. ಸಣ್ಣ ಆರ್‌ಜಿ-58 ಕೇಬಲ್ ಎರಡು ಗಿಗಾಹರ್ಟ್ಸ್ ಹತ್ತಿರ ಒಂದು ಮೀಟರಿಗೆ ಮುಕ್ಕಾಲು ಡಿಬಿಗೂ ಹೆಚ್ಚು ನುಂಗುತ್ತದೆ. ಆ್ಯಂಟೆನಾ ಹಿಂದೆ, ರೂಟರ್ ಡ್ರೈವರ್ ಸೀಟಿನ ಹತ್ತಿರ ಎಂದು ಐದು ಮೀಟರ್ ಕೇಬಲ್ ಎಳೆದರೆ ಗಳಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ. ದಪ್ಪ ಕೇಬಲಿನಲ್ಲಿ ನಷ್ಟ ಕಡಿಮೆ, ಆದರೆ ಅದು ವ್ಯಾನಿನ ಮೂಲೆಗಳಲ್ಲಿ ಬಾಗುವುದಿಲ್ಲ. ಆದ್ದರಿಂದ ರೂಟರನ್ನು ಆ್ಯಂಟೆನಾದ ಕೆಳಗೇ, ಚಾವಣಿಗೆ ಅಂಟಿದ ಕಪಾಟಿನಲ್ಲಿ ಇಡುವುದು ಸರಿ.

ಹಾಗೆ ಇಟ್ಟರೆ ಏಪ್ರಿಲ್ ತಿಂಗಳಿನಲ್ಲಿ ಬೇರೊಂದು ತೊಂದರೆ ಎದುರಾಗುತ್ತದೆ. ತಿರುಪ್ಪೂರಿನ ಬಿಸಿಲಿಗೆ ನಿಂತ ವ್ಯಾನಿನ ಚಾವಣಿಯ ಕೆಳಗೆ ಕೈ ಇಡಲಾಗುವುದಿಲ್ಲ. ಮನೆಬಳಕೆಯ ರೂಟರುಗಳನ್ನು ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣಕ್ಕೆ ಮಾಡಿರುತ್ತಾರೆ. ಅದು ದಾಟಿದರೆ ಮೊದಲು ನಿಧಾನವಾಗುತ್ತವೆ, ಆಮೇಲೆ ತಾವೇ ಆಫ್ ಆಗಿ ಆನ್ ಆಗುತ್ತವೆ, ಅದೂ ಪಾಠದ ನಡುವೆ. ವಾಹನ, ಕಾರ್ಖಾನೆಗಳಿಗೆಂದೇ ಮಾಡಿದ ಲೋಹದ ಹೊದಿಕೆಯ ರೂಟರುಗಳು 75 ಡಿಗ್ರಿವರೆಗೆ ತಡೆದುಕೊಳ್ಳುತ್ತವೆ; ಬೆಲೆ ಹೆಚ್ಚು, ಆದರೂ ಈ ಸೀಮೆಯಲ್ಲಿ ಆ ಹಣ ಕೊಡುವುದು ನ್ಯಾಯ ಎಂದೇ ನನ್ನ ತೀರ್ಮಾನ. ಕಪಾಟಿನ ತಗಡಿಗೆ ತೆಂಗಿನ ನಾರಿನ ಹಲಗೆ ಹೊದಿಸಿ, ಕಂಪ್ಯೂಟರಿನ ಒಂದು ಸಣ್ಣ 12 ವೋಲ್ಟ್ ಫ್ಯಾನ್ ಹಾಕಿಸಿದೆವು. ಪೊಳ್ಳಾಚಿ ಸುತ್ತ ನಾರಿಗೆ ಬರವಿಲ್ಲ.

ರೂಟರ್ ಕೊಳ್ಳುವಾಗ ಬ್ಯಾಂಡುಗಳ ಪಟ್ಟಿಯನ್ನು ಓದಿ. ನಮ್ಮ ದೇಶದಲ್ಲಿ 4ಜಿ ಓಡುವುದು ಮುಖ್ಯವಾಗಿ 850, 900, 1800, 2100, 2300 ಮೆಗಾಹರ್ಟ್ಸ್‌ಗಳಲ್ಲಿ. ಕೆಳಗಿನ ಬ್ಯಾಂಡುಗಳು ದೂರ ಹೋಗುತ್ತವೆ, ಗೋಡೆ ದಾಟುತ್ತವೆ, ಆದರೆ ಅಗಲ ಕಡಿಮೆ. ಮೇಲಿನವು ವೇಗ ಕೊಡುತ್ತವೆ, ದೂರ ನಿಲ್ಲುವುದಿಲ್ಲ. 2022ರ ಅಕ್ಟೋಬರ್ 1ರಂದು ದೇಶದಲ್ಲಿ ಶುರುವಾದ 5ಜಿ ಹೆಚ್ಚಾಗಿ 3500ರ ಸುತ್ತ ಇದೆ. ಅವಿನಾಶಿ ರಸ್ತೆಯಲ್ಲಿ ಅಮೋಘ, ಅಮರಾವತಿ ಅಣೆಕಟ್ಟಿನ ದಾರಿಯಲ್ಲಿ ನಾಲ್ಕು ಹಳ್ಳಿ ದಾಟಿದ ಮೇಲೆ ಅದರ ನೆನಪು ಮಾತ್ರ. ಬಿಎಸ್ಎನ್ಎಲ್ ತನ್ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ತೆರೆದಾಗ 700 ಮೆಗಾಹರ್ಟ್ಸ್ ಕೂಡ ಆ ಪಟ್ಟಿಗೆ ಸೇರಿತು. ಹೊರದೇಶದಿಂದ ತರಿಸುವ ಅಗ್ಗದ ಕೆಲವು ರೂಟರುಗಳಲ್ಲಿ 850ರದಾದ 5ನೆಯ ಬ್ಯಾಂಡೋ, 700ರದಾದ 28ನೆಯದೋ, 2300ರದಾದ 40ನೆಯದೋ ಇರುವುದೇ ಇಲ್ಲ. ಅಂಥದ್ದನ್ನು ಕೊಂಡರೆ ಪಕ್ಕದಲ್ಲೇ ಟವರ್ ಇದ್ದರೂ ನಿಮ್ಮ ಪಾಲಿಗೆ ಅದು ಕಂಬ. 5ಜಿ ರೂಟರ್ ಆದರೆ ಜಿಯೊಗೆ ಸ್ಟ್ಯಾಂಡ್‌ಅಲೋನ್ 5ಜಿ ಬೆಂಬಲ ಇದೆಯೇ ಎಂದೂ ಕೇಳಿ, ಅವರ 5ಜಿ ಆ ಬಗೆಯದು.

ಎರಡು ಸಿಮ್ ಇರಬೇಕೆಂಬುದು ಎಲ್ಲರಿಗೂ ಗೊತ್ತು. ತಮಿಳುನಾಡಿನವರಿಗಂತೂ 2018ರ ಫೆಬ್ರವರಿ ಮರೆತಿಲ್ಲ. ಇಲ್ಲಿ ಮನೆಮನೆಯಲ್ಲೂ ಇದ್ದ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿದ ದಿನಗಳಲ್ಲಿ ಲಕ್ಷಗಟ್ಟಲೆ ಜನರ ಫೋನು ಸತ್ತಿತ್ತು, ಇದ್ದ ಸಂಖ್ಯೆಯನ್ನೇ ಉಳಿಸಿಕೊಂಡು ಕಂಪನಿ ಬದಲಿಸಲು ಅಂಗಡಿಗಳ ಮುಂದೆ ಸಾಲು ನಿಂತಿತ್ತು. ಅಷ್ಟು ಜನ ಎರಡನೆಯ ಸಿಮ್‌ನ ಬೆಲೆ ತಿಳಿದದ್ದು ಆಗ. ಆದರೆ ಎರಡು ಕಂಪನಿ ಎಂದರೆ ಎರಡು ದಾರಿ ಎಂದು ಲೆಕ್ಕ ಹಾಕಬೇಡಿ. ಏರ್‌ಟೆಲ್, ವಿ ಎರಡರ ಉಪಕರಣಗಳೂ ಬಹಳ ಕಡೆ ಇಂಡಸ್ ಟವರ್ಸ್‌ನ ಒಂದೇ ಗೋಪುರದ ಮೇಲೆ ಕೂತಿರುತ್ತವೆ. ಆ ಗೋಪುರಕ್ಕೆ ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ನಿಮ್ಮ ಎರಡೂ ಸಿಮ್ ಒಟ್ಟಿಗೆ ಕಣ್ಣು ಮುಚ್ಚುತ್ತವೆ. ಧಾರಾಪುರಂ ಹತ್ತಿರದ ಒಂದು ಹಳ್ಳಿಯಲ್ಲಿ ನಮಗೆ ಇದು ಮನವರಿಕೆಯಾಯಿತು. ಊರಿಗೆಲ್ಲ ಇದ್ದದ್ದೇ ಒಂದು ಗೋಪುರ, ಎರಡೂ ಕಂಪನಿ ಅಲ್ಲೇ ಬಾಡಿಗೆಗೆ. ಆಗಿನಿಂದ ಮೂರು ಗುಂಪುಗಳಿಂದ ಒಂದೊಂದು ಆರಿಸಿಕೊಂಡೆವು: ಏರ್‌ಟೆಲ್ ಅಥವಾ ವಿ ಒಂದು, ಬಹುಪಾಲು ಬೇರೆ ಗೋಪುರಗಳ ಮೇಲಿರುವ ಜಿಯೊ ಒಂದು, ಸ್ವಂತ ಗೋಪುರಗಳಿರುವ ಬಿಎಸ್ಎನ್ಎಲ್ ಒಂದು. ಮೊದಲ ಎರಡು ರೂಟರಿನಲ್ಲಿ, ಮೂರನೆಯದು ಹಳೆಯ ಫೋನಿನಲ್ಲಿ. ಹೊಸ ಜಾಗಕ್ಕೆ ಹೋದಾಗ ಸುತ್ತ ಕಣ್ಣಾಡಿಸಿ ಎಷ್ಟು ಗೋಪುರ ಕಾಣುತ್ತವೆ ಎಂದು ನೋಡುವುದು ನಮಗೆ ಬಾವಿಯ ನೀರು ಸಿಹಿಯೋ ಎಂದು ಕೇಳುವಷ್ಟೇ ಸಹಜವಾಗಿದೆ.

ಕರೆಂಟಿನ ವಿಷಯ ಬಂತು, ಇಲ್ಲಿ ಸ್ವಲ್ಪ ನಿಲ್ಲಬೇಕು. ತಮಿಳುನಾಡಿನಲ್ಲಿ ವಿದ್ಯುತ್ ಇಲಾಖೆಯವರು ಪ್ರತಿ ಸಬ್‌ಸ್ಟೇಷನ್ನಿಗೂ ತಿಂಗಳ ನಿರ್ವಹಣೆಗೆಂದು ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟ್ ತೆಗೆಯುವ ರೂಢಿ ಇದೆ. ಯಾವ ದಿನ ಯಾವ ಊರು ಎಂಬ ಪಟ್ಟಿ ಹಿಂದಿನ ದಿನವೇ ತಮಿಳು ಪತ್ರಿಕೆಗಳಲ್ಲಿ ಬರುತ್ತದೆ. ನಮ್ಮ ವ್ಯಾನಿಗೆ ಸೋಲಾರ್ ಇದೆ, ನಮಗೇನು ಎನ್ನಿಸಬಹುದು. ನಮ್ಮ ರೂಟರಿಗೆ ಕರೆಂಟ್ ಇದ್ದರೂ ಟವರಿಗೆ ಇಲ್ಲವಲ್ಲ. ದೊಡ್ಡ ಗೋಪುರಗಳಿಗೆ ಡೀಸೆಲ್ ಜನರೇಟರ್ ಇರುತ್ತದೆ. ಹಳ್ಳಿಯ ಸಣ್ಣವು ಬ್ಯಾಟರಿಯ ಮೇಲೆ ಕೆಲವು ಗಂಟೆ ನಿಂತು ಮಧ್ಯಾಹ್ನದ ಹೊತ್ತಿಗೆ ಸೋಲುತ್ತವೆ. ಬೆಳಗಿನ ಪಾಠಕ್ಕೆ ತೊಂದರೆಯಿಲ್ಲ, ಮಧ್ಯಾಹ್ನ ಮೂರರ ಮೀಟಿಂಗಿಗೆ ತೊಂದರೆ. ತಮಿಳು ಓದಲು ಬಾರದಿದ್ದರೂ ಚಹಾ ಅಂಗಡಿಯಲ್ಲಿ "ನಾಳೈಕ್ಕು ಪವರ್ ಕಟ್ ಎಂಗೆ?" (ನಾಳೆ ಪವರ್ ಕಟ್ ಎಲ್ಲಿ?) ಎಂದು ಕೇಳಿದರೆ ಸಾಕು, ಪತ್ರಿಕೆ ಹಿಡಿದವರೊಬ್ಬರು ಊರುಗಳ ಹೆಸರನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಾರೆ. ಕೊಂಗು ಸೀಮೆಯವರ ಮಾತಿನಲ್ಲಿ ಎಲ್ಲರಿಗೂ ಮರ್ಯಾದೆ ಇದೆ. "ವಾಂಗ, ಉಕ್ಕಾರುಂಗ" (ಬನ್ನಿ, ಕೂತುಕೊಳ್ಳಿ) ಎಂದು ಕೂರಿಸಿಯೇ ಉತ್ತರ ಕೊಡುವುದು.

ವ್ಯಾನಿನೊಳಗಿನ ಕರೆಂಟಿನ ಲೆಕ್ಕ ಸರಳ. 12.8 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ವಾಟ್-ಅವರ್ ಇರುತ್ತದೆ. ರೂಟರಿಗೆ 10 ವಾಟ್, ಫೋನು, ಫ್ಯಾನು ಸೇರಿ ಇನ್ನೊಂದು 7 ಎಂದುಕೊಂಡರೆ ದಿನವಿಡೀ ಓಡಿಸಲು 408 ವಾಟ್-ಅವರ್ ಬೇಕು, ಅಂದರೆ ಬ್ಯಾಟರಿಯ ಮೂರರಲ್ಲಿ ಒಂದು ಪಾಲಿನ ಹತ್ತಿರ. ಇಷ್ಟು ಸಣ್ಣ ಸಾಧನಕ್ಕಾಗಿ ಇನ್ವರ್ಟರ್ ಆನ್ ಮಾಡಿಡಬೇಡಿ. ಏನೂ ಕೆಲಸ ಮಾಡದೆ ನಿಂತಾಗಲೂ ಇನ್ವರ್ಟರ್ ತಾನೇ ಹತ್ತು ಇಪ್ಪತ್ತು ವಾಟ್ ಎಳೆಯುತ್ತದೆ, ರೂಟರಿನಷ್ಟೇ ಅಥವಾ ಹೆಚ್ಚು. ರೂಟರಿಗೆ ನೇರ ಡಿಸಿ ಕೊಡಿ. ಹಾಗೆಂದು 12 ವೋಲ್ಟ್ ಎಂದು ಬರೆದ ಮನೆಯ ರೂಟರನ್ನು ಬ್ಯಾಟರಿಗೆ ನೇರವಾಗಿ ಜೋಡಿಸುವುದೂ ಸರಿಯಲ್ಲ. ಗಾಡಿ ಓಡುವಾಗ ವೋಲ್ಟೇಜ್ 14ರ ಮೇಲೆ ಏರುತ್ತದೆ, ಸ್ಟಾರ್ಟ್ ಮಾಡುವ ಕ್ಷಣ ಇಳಿಯುತ್ತದೆ. ನಡುವೆ ಬಕ್-ಬೂಸ್ಟ್ ಎಂಬ ಸಣ್ಣ ನಿಯಂತ್ರಕ ಹಾಕಬೇಕು. ವಾಹನದ ರೂಟರುಗಳು 9ರಿಂದ 30 ವೋಲ್ಟ್‌ವರೆಗೆ ತಾವೇ ತಾಳಿಕೊಳ್ಳುತ್ತವೆ, ಅದಕ್ಕೂ ಅವನ್ನು ಮೆಚ್ಚುತ್ತೇನೆ.

ಇನ್ನು ಮರಗಳು. ಪೊಳ್ಳಾಚಿ, ಆನೈಮಲೆ ಕಡೆ ನೆರಳು ಎಂದರೆ ತೆಂಗಿನ ತೋಪು. ಎಷ್ಟು ಹಿತವಾದ ಜಾಗ! ನೀರು, ನೆರಳು, ತೋಟದ ಅಯ್ಯನವರ ಅನುಮತಿ, ಎಲ್ಲವೂ ಇದ್ದರೂ ನೆಟ್‌ವರ್ಕ್ ಮಾತ್ರ ಬೇಸರ ಪಟ್ಟುಕೊಳ್ಳುತ್ತದೆ. ಎಲೆಗಳಲ್ಲಿ ನೀರಿರುತ್ತದೆ, ನೀರು ಮೇಲಿನ ಬ್ಯಾಂಡುಗಳನ್ನು ಹೀರುತ್ತದೆ. ಮಳೆ ಬಂದು ಗರಿ ತೊಯ್ದರೆ ಇನ್ನೂ ಹೆಚ್ಚು. ಗರಿಗಳು ಗಾಳಿಗೆ ಅಲ್ಲಾಡುವಾಗ ಸಿಗ್ನಲ್ಲೂ ಅದೇ ತಾಳಕ್ಕೆ ಏರಿಳಿಯುತ್ತದೆ. ತೋಪಿನ ನಡುವೆ ನಿಲ್ಲುವ ಬದಲು ಅಂಚಿನಲ್ಲಿ, ಟವರಿರುವ ದಿಕ್ಕಿಗೆ ಗದ್ದೆಯೋ ರಸ್ತೆಯೋ ತೆರೆದಿರುವ ಕಡೆ ನಿಂತರೆ ಅದೇ ತೋಟದಲ್ಲಿ ಎರಡು ಪಟ್ಟು ಕೆಲಸವಾಗುತ್ತದೆ. ಬಲಿತ ಕಾಯಿ ಚಾವಣಿಯ ಆ್ಯಂಟೆನಾದ ಮೇಲೆ ಬೀಳುವ ಅಪಾಯವೂ ತಪ್ಪುತ್ತದೆ. ತೋಪಿನ ಒಳಗೇ ನಿಲ್ಲಬೇಕಾದಾಗ ರೂಟರಿನಲ್ಲಿ ಮೇಲಿನ ಬ್ಯಾಂಡುಗಳನ್ನು ಬಿಟ್ಟು 850 ಅಥವಾ 900ಕ್ಕೆ ಬೀಗ ಹಾಕುತ್ತೇವೆ. ವೇಗ ಇಳಿಯುತ್ತದೆ, ಕಡಿಯುವುದು ನಿಲ್ಲುತ್ತದೆ. ಒಂದು ವಿಡಿಯೊ ಕರೆಗೆ ಎರಡು ಮೂರು ಎಂಬಿಪಿಎಸ್ ಸಾಕು, ಅದು ಅಲುಗಾಡದೆ ಬರಬೇಕು ಅಷ್ಟೆ.

ದೂರದ ಟವರಿಗೆ ಗುರಿಯಿಟ್ಟು ನಿಲ್ಲಿಸುವ ದಿಕ್ಕಿನ ಆ್ಯಂಟೆನಾ ನಮ್ಮಲ್ಲೂ ಇದೆ. ಅದಕ್ಕೊಂದು ಮಡಚುವ ಕಂಬವನ್ನು ಕೊಯಮತ್ತೂರಿನ ಗಣಪತಿ ಬಡಾವಣೆಯ ಒಂದು ಲೇತ್ ಶಾಪಿನಲ್ಲಿ ಮಾಡಿಸಿಕೊಂಡೆವು. ಪಂಪು, ಮೋಟಾರು, ಗ್ರೈಂಡರುಗಳ ಊರಿದು, ಕಾಗದದ ಮೇಲೆ ಗೀಚಿದ ಚಿತ್ರ ನೋಡಿ ಸಂಜೆಯೊಳಗೆ ವಸ್ತು ಮಾಡಿಕೊಡುವ ಕೈಗಳು ಬೀದಿಬೀದಿಯಲ್ಲಿವೆ. ಕಂಬದ ಬುಡದ ತಟ್ಟೆಯ ಮೇಲೆ ವ್ಯಾನಿನ ಹಿಂಗಾಲಿ ಹತ್ತಿಸಿದರೆ ಅದು ನೆಟ್ಟಗೆ ನಿಲ್ಲುತ್ತದೆ. ಮೇಸ್ತ್ರಿ ಚಿತ್ರವನ್ನು ನೋಡಿದವರೇ "ಪಲ್ಲಡಂ ಪಕ್ಕಮಾ ಪೋಪೋರೀಂಗ?" (ಪಲ್ಲಡಂ ಕಡೆಗಾ ಹೋಗುವುದು?) ಎಂದು ಕೇಳಿ, ನಾನು ಹೌದೆಂದ ಮೇಲೆ ಕೊಳವೆಯ ದಪ್ಪವನ್ನು ಹೆಚ್ಚಿಸಿದರು. ಜೂನ್‌ನಿಂದ ಆಗಸ್ಟ್‌ವರೆಗೆ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿಯನ್ನು ನಂಬಿಯೇ ಪಲ್ಲಡಂ, ಉಡುಮಲಪೇಟೆ, ಧಾರಾಪುರಂ ಬಯಲುಗಳಲ್ಲಿ ಕಣ್ಣು ಹರಿಯುವವರೆಗೂ ಗಾಳಿಯಂತ್ರಗಳು ನಿಂತಿವೆ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ತಮಿಳರು ಗಾದೆ ಕಟ್ಟಿದ್ದಾರೆ. ಗಾಳಿಯ ವೇಗ ಎರಡು ಪಟ್ಟಾದರೆ ಕಂಬದ ಮೇಲಿನ ಒತ್ತಡ ನಾಲ್ಕು ಪಟ್ಟು. ಆ ತಿಂಗಳುಗಳಲ್ಲಿ ಕಂಬವನ್ನು ಪೂರ್ತಿ ಎತ್ತುವುದಿಲ್ಲ, ಎತ್ತಿದರೆ ಮೂರು ಕಡೆ ಹಗ್ಗ ಬಿಗಿಯುತ್ತೇವೆ, ರಾತ್ರಿ ಇಳಿಸಿಯೇ ಮಲಗುತ್ತೇವೆ. ದಿಕ್ಕಿನ ಆ್ಯಂಟೆನಾ ಗುರಿ ತಪ್ಪಿ ತಿರುಗಿದರೆ ಅದರ ಲಾಭ ಕರಗುತ್ತದೆ.

ಬಯಲಿನಲ್ಲಿ ಇಷ್ಟೆಲ್ಲ ಪಾಡು ಪಡುವವರಿಗೆ ಊರೊಳಗೆ ಎಲ್ಲ ಸಲೀಸು ಅನ್ನಿಸಬಹುದು. ತಿರುಪ್ಪೂರು ನಗರದಲ್ಲಿ ಸಿಗ್ನಲ್ ಮೈನಸ್ 75, ಕಡ್ಡಿಗಳೆಲ್ಲ ತುಂಬಿರುತ್ತವೆ. ಸಂಜೆ ಎಂಟಕ್ಕೆ ಮಾತ್ರ ಪುಟ ತೆರೆಯುವುದಿಲ್ಲ. ನಿಟ್‌ವೇರ್ ಕಾರ್ಖಾನೆಗಳ ಪಾಳಿ ಮುಗಿದಿರುತ್ತದೆ. ಒಡಿಶಾ, ಬಿಹಾರ, ಜಾರ್ಖಂಡ್‌ಗಳಿಂದ ಬಂದ ಹುಡುಗರು, ಹುಡುಗಿಯರು ಹಾಸ್ಟೆಲಿನ ಮಾಳಿಗೆಯಲ್ಲಿ, ಲೈನ್ ಮನೆಗಳ ಮೆಟ್ಟಿಲಲ್ಲಿ ಕೂತು ಊರಿಗೆ ವಿಡಿಯೊ ಕರೆ ಮಾಡುವ ಹೊತ್ತು ಅದು. ಭಾನುವಾರವಂತೂ ಇಡೀ ದಿನ. ಒಂದು ಟವರಿನ ಸಾಮರ್ಥ್ಯ ಅದರ ಕೆಳಗಿರುವ ಎಲ್ಲರಿಗೂ ಹಂಚಿಹೋಗುತ್ತದೆ. ಸಿಗ್ನಲ್ ಗಟ್ಟಿಯಿದ್ದ ಮಾತ್ರಕ್ಕೆ ಪಾಲು ದೊಡ್ಡದಾಗುವುದಿಲ್ಲ. ಆ ಹೊತ್ತಿನ ದಾರಿ ಅವರದು ಎಂದೇ ನಾನು ಭಾವಿಸುತ್ತೇನೆ. ಎರಡು ಸಾವಿರ ಕಿಲೋಮೀಟರ್ ಆಚೆಯ ಮಗುವಿನ ಮುಖ ನೋಡುವುದಕ್ಕಿಂತ ನನ್ನ ಅಪ್‌ಲೋಡ್ ಮುಖ್ಯವಲ್ಲ. ಹಾಗಾಗಿ ಪಾಠವಿರುವ ಸಂಜೆಗಳಲ್ಲಿ ನಗರ ಬಿಟ್ಟು ಕಾಂಗೇಯಂ ರಸ್ತೆಯಲ್ಲಿ ಹೊರಗೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಸಿಗ್ನಲ್ ಮೈನಸ್ 95 ಇದ್ದರೂ ಕರೆ ಸ್ವಚ್ಛ. ಗುಣಮಟ್ಟ ಹೇಳುವ ಎಸ್‌ಐಎನ್‌ಆರ್ ಎಂಬ ಇನ್ನೊಂದು ಅಂಕಿ ರೂಟರಿನಲ್ಲೇ ಕಾಣುತ್ತದೆ: ಇಪ್ಪತ್ತರ ಹತ್ತಿರ ಇದ್ದರೆ ಶುಭ್ರ, ಸೊನ್ನೆಯ ಹತ್ತಿರ ಬಂದರೆ ಗದ್ದಲ.

ಧ್ವನಿಮುದ್ರಿಕೆಗಳು ರಾತ್ರಿ ಎರಡರ ನಂತರ ಮೇಲೇರುತ್ತವೆ. 48 ಕಿಲೋಹರ್ಟ್ಸ್, 24 ಬಿಟ್, ಒಂದೇ ಚಾನೆಲ್ ಎಂದರೆ ಒಂದು ಗಂಟೆಯ ಮಾತಿಗೆ 518 ಎಂಬಿ. ಎರಡು ಎಂಬಿಪಿಎಸ್ ಅಪ್‌ಲೋಡ್ ಸಿಕ್ಕರೂ ಮೂವತ್ತೈದು ನಿಮಿಷದಲ್ಲಿ ಮುಗಿಯುತ್ತದೆ. ದಿನಕ್ಕೆ ಇಂತಿಷ್ಟು ಜಿಬಿ ಎಂಬ ಪ್ಯಾಕುಗಳ ಲೆಕ್ಕ ನಡುರಾತ್ರಿಗೆ ಹೊಸದಾಗುವುದರಿಂದ ಸಂಜೆ ಮುಗಿದುಹೋದ ಡೇಟಾ ಕೂಡ ಆಗ ತುಂಬಿರುತ್ತದೆ. ಕೊಯಮತ್ತೂರಿನ ರಾಜವೀದಿಯ ರಾಮಲಿಂಗ ಚೌಡೇಶ್ವರಿ ಗುಡಿಯ ವಿಜಯದಶಮಿ ಮೆರವಣಿಗೆಯಲ್ಲಿ ದೇವಾಂಗದವರು ಅಲಗು ಸೇವೆ ಮಾಡುತ್ತ ದೇವಿಯನ್ನು ಕರೆತರುವಾಗ ಬೀದಿ ತುಂಬ ಫೋನುಗಳು, ಎಲ್ಲವೂ ವಿಡಿಯೊ ಕಳಿಸುತ್ತಿರುತ್ತವೆ. ಅಂಥ ದಿನ ಯಾವ ಆ್ಯಂಟೆನಾವೂ ನೆರವಾಗದು. ರೆಕಾರ್ಡರ್‌ನಲ್ಲಿ ಎರಡು ಕಾರ್ಡ್‌ಗಳಿಗೆ ಒಟ್ಟಿಗೇ ಬರೆಸಿಕೊಂಡು ರಾತ್ರಿಗೆ ಕಾಯುವುದೇ ಮಾರ್ಗ.

ಸಂಬಂಧಿಕರ ಮನೆಯ ಮುಂದೆ ನಿಂತಾಗ ಅವರ ಫೈಬರ್ ಸಂಪರ್ಕವೇ ನಮಗೆ ಇನ್ನೊಂದು ದಾರಿ. ರೂಟರು ಅವರ ವೈಫೈಯನ್ನು ಚಾವಣಿಯ ಆ್ಯಂಟೆನಾದಿಂದ ಹಿಡಿದು ಒಳಗೆ ನಮ್ಮ ಹೆಸರಿನ ವೈಫೈ ಆಗಿಯೇ ಕೊಡುತ್ತದೆ, ಲ್ಯಾಪ್‌ಟಾಪುಗಳಿಗೆ ಬದಲಾವಣೆ ತಿಳಿಯುವುದೇ ಇಲ್ಲ. ಒಂದು ದಾರಿ ಸೋತಾಗ ಇನ್ನೊಂದಕ್ಕೆ ತಾನೇ ಜಿಗಿಯುವ ವ್ಯವಸ್ಥೆಯನ್ನು ಹೊಂದಿಸುವಾಗ ಒಂದು ಸೂಕ್ಷ್ಮ ಗಮನಿಸಿ. ಟವರ್ ಜೊತೆ ಸಂಪರ್ಕ ಇದೆಯೇ ಎಂದಷ್ಟೇ ರೂಟರ್ ನೋಡಿದರೆ ಸಾಲದು, ಹೊರಗಿನ ಒಂದು ವಿಳಾಸಕ್ಕೆ ಪಿಂಗ್ ಕಳಿಸಿ ಉತ್ತರ ಬಂತೇ ಎಂದು ನೋಡಬೇಕು. ಸಿಗ್ನಲ್ ಪೂರ್ತಿ ಇದ್ದು ಇಂಟರ್ನೆಟ್ ಮಾತ್ರ ಇಲ್ಲದ ಸ್ಥಿತಿ ಈ ಜಿಲ್ಲೆಗಳಲ್ಲಿ ನಾವು ಕಂಡಷ್ಟು ಸಲ ಪೂರ್ಣ ಕತ್ತಲೆ ಕಂಡಿಲ್ಲ. ಎರಡು ಸಿಮ್‌ಗಳನ್ನು ಒಟ್ಟುಗೂಡಿಸಿ ಒಂದೇ ಹೊಳೆಯಾಗಿ ಹರಿಸುವ ತಂತ್ರಾಂಶಗಳೂ ಇವೆ. ಡೇಟಾ ಬೇಗ ಮುಗಿಯುತ್ತದೆ, ಆದ್ದರಿಂದ ಪಾಠದ ಗಂಟೆಗೆ ಮಾತ್ರ ಹಚ್ಚುತ್ತೇವೆ.

ವಾಲ್ಪಾರೈಗೆ ಹೋಗುವುದಾದರೆ ಈ ಎಲ್ಲ ಸಾಧನಗಳ ಆಸೆಯನ್ನು ಬೆಟ್ಟದ ಬುಡದ ಆಳಿಯಾರ್‌ನಲ್ಲೇ ಬಿಟ್ಟು ಹತ್ತಿ. ನಲವತ್ತು ಹೇರ್‌ಪಿನ್ ತಿರುವುಗಳ ಆ ದಾರಿಯಲ್ಲಿ ಗುಡ್ಡ ಟವರನ್ನು ಮರೆಮಾಡುತ್ತದೆ. ಮೇಲೆ ಚಹಾ ತೋಟಗಳ ಮಡಿಕೆಗಳಲ್ಲಿ ಒಂದು ತಿರುವಿನಲ್ಲಿ ಸಿಗುವುದು ಮುಂದಿನದರಲ್ಲಿ ಇರುವುದಿಲ್ಲ. ಸಿಗ್ನಲ್ ಸಿಕ್ಕಿತೆಂದು ರಸ್ತೆ ಬದಿಯಲ್ಲಿ ರಾತ್ರಿ ನಿಲ್ಲುವಂತೆಯೂ ಇಲ್ಲ, ಆನೆಗಳ ದಾರಿ ಅದು, ಆನೈಮಲೆ ಹುಲಿ ಸಂರಕ್ಷಿತ ಪ್ರದೇಶ. ಬೇಕಾದ ಕಡತಗಳನ್ನು ಇಳಿಸಿಕೊಂಡು, ಪಾಠಗಳಿಗೆ ರಜೆ ಹೇಳಿ, ಪಟ್ಟಣದ ವಸತಿಯಲ್ಲಿ ತಂಗುವುದು ಒಳ್ಳೆಯದು. ಸಂಪರ್ಕ ಇಲ್ಲದ ಜಾಗವನ್ನು ಮೊದಲೇ ಒಪ್ಪಿಕೊಂಡು ಯೋಜನೆ ಹಾಕುವುದೂ ಭರವಸೆಯ ಒಂದು ಭಾಗವೇ. ಎದುರಿಗಿರುವವರಿಗೆ ನಾವು ಇವತ್ತು ಇರುವುದಿಲ್ಲ ಎಂದು ಮುಂಚೆಯೇ ತಿಳಿದಿರುತ್ತದೆ.

ಸಿಗ್ನಲ್ ಬೂಸ್ಟರ್ ಹಾಕಿಸಿ ಎಂದು ಸಲಹೆ ಕೊಡುವವರು ಬಹಳ. ಆನ್‌ಲೈನ್‌ನಲ್ಲೂ ಅಂಗಡಿಗಳಲ್ಲೂ ಅವು ಸಿಗುತ್ತವೆ. ದಯವಿಟ್ಟು ಬೇಡ. ಪರವಾನಗಿ ಪಡೆದ ಟೆಲಿಕಾಂ ಕಂಪನಿಗಳ ಹೊರತು ಬೇರೆಯವರು ಮೊಬೈಲ್ ಬೂಸ್ಟರ್ ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಕಾನೂನುಬಾಹಿರ ಎಂದು ದೂರಸಂಪರ್ಕ ಇಲಾಖೆ 2022ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾನೂನಿಗಿಂತ ದೊಡ್ಡ ಕಾರಣವೂ ಇದೆ: ಅಗ್ಗದ ಬೂಸ್ಟರ್ ಟವರಿಗೆ ಗದ್ದಲ ತುಂಬುತ್ತದೆ, ಸುತ್ತಲಿನ ಹಳ್ಳಿಯ ಕರೆಗಳು ಹಾಳಾಗುತ್ತವೆ. ತುರ್ತಿಗೆ 108ಕ್ಕೆ ಕರೆ ಮಾಡುವವರು ಅದೇ ಟವರನ್ನು ನಂಬಿರುತ್ತಾರೆ. ಚಾವಣಿಯ ಮೇಲಿನ ಆ್ಯಂಟೆನಾದಲ್ಲಿ ಈ ದೋಷವಿಲ್ಲ, ಅದು ಬರುವುದನ್ನು ಚೆನ್ನಾಗಿ ಹಿಡಿಯುತ್ತದೆ ಅಷ್ಟೆ. ಉಪಗ್ರಹ ಇಂಟರ್ನೆಟ್‌ನ ಮಾತೂ ಹಾಗೆಯೇ. ಸ್ಟಾರ್‌ಲಿಂಕ್‌ಗೆ ನಮ್ಮ ಸರ್ಕಾರದ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಹೊರದೇಶದಲ್ಲಿ ಕೊಂಡ ತಟ್ಟೆಯನ್ನು ಸೂಟ್‌ಕೇಸಿನಲ್ಲಿ ತಂದು ವ್ಯಾನಿನ ಮೇಲೆ ಹಾಕುವುದು ಸಕ್ರಮವಲ್ಲ.

ಹಿಂಗಾರು ಹಿಡಿಯುವ ಮುನ್ನ, ಅಕ್ಟೋಬರ್ ಹೊತ್ತಿಗೆ, ಚಾವಣಿಯಲ್ಲಿ ಕೇಬಲ್ ಇಳಿಯುವ ತೂತಿನ ಸುತ್ತಲಿನ ಅಂಟನ್ನು ಕೈಯಿಂದ ಒತ್ತಿ ನೋಡಿ. ಬೇಸಿಗೆಯ ಬಿಸಿಲಿಗೆ ಅದು ಬಿರಿದಿರುತ್ತದೆ. ಕನೆಕ್ಟರಿನೊಳಗೆ ಒಂದು ಹನಿ ನೀರು ಸೇರಿದರೆ ಸಿಗ್ನಲ್ ದಿನದಿನಕ್ಕೆ ಇಳಿಯುತ್ತ ಹೋಗುತ್ತದೆ, ಕಾರಣ ಹುಡುಕಲು ವಾರ ಹಿಡಿಯುತ್ತದೆ.

ವ್ಯಾನಿಗೆ ಇಂಟರ್ನೆಟ್ ಹಾಕಿಸಬೇಕೆಂದಿರುವ ಕನ್ನಡಿಗರು ಹಣ ಖರ್ಚು ಮಾಡುವ ಕ್ರಮ ಕೇಳಿದರೆ ನಾನು ಹೇಳುವುದು ಇದು: ಮೊದಲು ಚಾವಣಿಯ ಆ್ಯಂಟೆನಾ, ಆಮೇಲೆ ನೇರ ಡಿಸಿ ವಿದ್ಯುತ್, ಆಮೇಲೆ ಶಾಖ ತಾಳುವ ರೂಟರ್, ಕೊನೆಗೆ 5ಜಿ. ಡಿಂಬಂ ಇಳಿಯುವ ಮೊದಲೇ ಬೇರೆ ಗೋಪುರ ಬಳಸುವ ಇನ್ನೊಂದು ಕಂಪನಿಯ ಸಿಮ್ ತೆಗೆದುಕೊಂಡು ಚಾಲೂ ಮಾಡಿಸಿಕೊಳ್ಳಿ. ತೆಗೆದುಕೊಂಡ ಮೇಲೆ ಡಬ್ಬಿಯಲ್ಲಿಟ್ಟು ಮರೆಯಬೇಡಿ, ತಿಂಗಳಿಗೊಮ್ಮೆಯಾದರೂ ಅದರಲ್ಲಿ ಒಂದು ಕರೆ ಮಾಡಿ, ರೀಚಾರ್ಜ್ ಇಟ್ಟಿರಿ. ಬಳಸದೆ 90 ದಿನ ಬಿಟ್ಟ ಸಿಮ್ ನಿಷ್ಕ್ರಿಯವಾಗಬಹುದು, ಅದು ಬೇಕಾಗುವುದು ಸಾಮಾನ್ಯವಾಗಿ ತೊಂಬತ್ತೊಂದನೆಯ ದಿನ.